ಓದುಗರ ಪ್ರಶ್ನೆ: ಮಾಕ್ ಆಬ್ಜೆಕ್ಟ್‌ಗೆ ಸಮ ಯಾರು?

ಯುನಿಟ್ ಟೆಸ್ಟ್ ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಕಡೆ ಸೇರುತ್ತವೆ: ಎರಡು ಆಬ್ಜೆಕ್ಟ್ ಸಮವೇ ಎಂದು ನೋಡುವಾಗ ನಡುವೆ ಮಾಕ್ (ಟೆಸ್ಟ್‌ಗಾಗಿ ನಿಜ ಆಬ್ಜೆಕ್ಟ್‌ನ ಜಾಗದಲ್ಲಿ ಇಡುವ ನಕಲಿ) ಬಂದು ಕೂತರೆ ಏನಾಗುತ್ತದೆ? ಜಾವಾ, ಟೆಸ್ಟ್ ಓಡಿಸುವ ಜೆಯುನಿಟ್ 5, ಮಾಕ್ ಮಾಡಿಕೊಡುವ ಮೊಕಿಟೊ 5 ಇಟ್ಟುಕೊಂಡು ಉತ್ತರಿಸಿದ್ದೇವೆ. ಈಕ್ವಲ್ಸ್ ಎಂದರೆ ಎರಡು ಆಬ್ಜೆಕ್ಟ್ ಸಮವೇ ಎಂದು ಹೇಳುವ ಮೆಥಡ್; ಸ್ಟಬ್ ಎಂದರೆ ಮಾಕ್‌ನ ಮೆಥಡ್ ಏನು ಕೊಡಬೇಕೆಂದು ಮೊದಲೇ ಹೇಳಿಡುವುದು; ವೆರಿಫೈ ಎಂದರೆ ಮಾಕ್‌ಗೆ ಆ ಕರೆ ಬಂತೇ ಎಂದು ನೋಡುವುದು. ಕೊನೆಗೆ ಪೈಥಾನ್‌ನ ಒಂದು ಪ್ರಶ್ನೆಯೂ ಇದೆ. ಮೆಥಡ್‌ಗಳ ಹೆಸರನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇವೆ, ಎಡಿಟರ್‌ನಲ್ಲಿ ಟೈಪ್ ಮಾಡುವಾಗ ಮೂಲ ಸ್ಪೆಲಿಂಗ್ ಹಾಕಿಕೊಳ್ಳಿ.

ಪ್ರಶ್ನೆ: ‘ಆರ್ಡರ್’ ಎಂಬ ಕ್ಲಾಸ್‌ನ ಒಳಗೆ ‘ಗ್ರಾಹಕ’ ಎಂಬ ಫೀಲ್ಡ್ ಇದೆ. ಆರ್ಡರ್‌ನ ಈಕ್ವಲ್ಸ್ ಪರೀಕ್ಷಿಸಲು ಗ್ರಾಹಕನ ಎರಡು ಮಾಕ್ ಮಾಡಿ, ಎರಡಕ್ಕೂ ಐಡಿ 101 ಎಂದು ಸ್ಟಬ್ ಮಾಡಿದೆ. ಆದರೂ ಎರಡು ಆರ್ಡರ್‌ಗಳು ಸಮವಲ್ಲ ಎನ್ನುತ್ತದೆ. ಮಾಕ್‌ನ ಈಕ್ವಲ್ಸನ್ನೇ ವೆನ್, ದೆನ್‌ರಿಟರ್ನ್ ಹಾಕಿ ‘ಟ್ರೂ’ ಮಾಡಲು ಹೋದರೆ ಮೊಕಿಟೊ ಎಕ್ಸೆಪ್ಶನ್ ಎಸೆಯುತ್ತದೆ. ದಾರಿ ಏನು?
— ದಾವಣಗೆರೆಯ ಓದುಗರು

ಉತ್ತರ: ಮಾಕ್ ಎಂದರೆ ಹೊಲದ ಬೆದರುಬೊಂಬೆ ಇದ್ದ ಹಾಗೆ. ಅಂಗಿ ರೈತನದೇ, ಒಳಗೆ ಹುಲ್ಲು. ನಿಮ್ಮ ಗ್ರಾಹಕ ಕ್ಲಾಸ್‌ನಲ್ಲಿ ಐಡಿಗಳನ್ನು ಹೋಲಿಸುವ ಈಕ್ವಲ್ಸ್ ಎಷ್ಟೇ ಚೆನ್ನಾಗಿ ಬರೆದಿದ್ದರೂ ಮಾಕ್‌ನಲ್ಲಿ ಅದು ಓಡುವುದಿಲ್ಲ. ಮಾಕ್‌ಗೆ ತಾನು ಮಾತ್ರ ತನಗೆ ಸಮ. ಮೆಮೊರಿಯಲ್ಲಿ ಅದೇ ಆಬ್ಜೆಕ್ಟ್ ಆದರೆ ಟ್ರೂ, ಬೇರೆ ಏನೇ ಆದರೂ ಫಾಲ್ಸ್. ಈಕ್ವಲ್ಸ್ ಮತ್ತು ಹ್ಯಾಶ್‌ಕೋಡ್ (ಆಬ್ಜೆಕ್ಟನ್ನು ಬೇಗ ಹುಡುಕಲು ಬಳಸುವ ಸಂಖ್ಯೆ ಕೊಡುವ ಮೆಥಡ್) ಎರಡನ್ನೂ ಮೊಕಿಟೊ ತನ್ನ ಒಳಗಿನ ಕೆಲಸಕ್ಕೇ ನೆಚ್ಚಿಕೊಂಡಿದೆ. ಹಾಗಾಗಿ ಅವನ್ನು ಸ್ಟಬ್ ಮಾಡಲೂ ಬಿಡದು, ವೆರಿಫೈ ಮಾಡಲೂ ಬಿಡದು. ನಿಮಗೆ ಬಂದ ಎಕ್ಸೆಪ್ಶನ್‌ನ ಸಂದೇಶವನ್ನು ಪೂರ್ತಿ ಓದಿ. ಸ್ಟಬ್ ಮಾಡಲಾಗದ ಮೆಥಡ್‌ಗಳ ಸಾಲಿನಲ್ಲಿ ಈ ಎರಡರ ಹೆಸರೂ ಇರುತ್ತದೆ.

‘ಹಾಗಾದರೆ ಎರಡು ಆರ್ಡರ್‌ಗೂ ಒಂದೇ ಮಾಕ್ ಕೊಡುತ್ತೇನೆ’ ಎಂದು ನಿಮಗೆ ಹೊಳೆಯಬಹುದು. ಕೊಟ್ಟರೆ ಟೆಸ್ಟ್ ಹಸಿರಾಗುತ್ತದೆ, ಆದರೆ ಆ ಹಸಿರನ್ನು ನಂಬಬೇಡಿ. ಆರ್ಡರ್‌ನ ಈಕ್ವಲ್ಸ್ ಒಳಗೆ ಯಾರೋ ಗ್ರಾಹಕರನ್ನು ಈಕ್ವಲ್ಸ್‌ನಿಂದ ಹೋಲಿಸುವ ಬದಲು ಎರಡು ಸಮಚಿಹ್ನೆ ಹಾಕಿ ಹೋಲಿಸಿದ್ದಾರೆ ಎಂದುಕೊಳ್ಳಿ (ಜಾವಾದಲ್ಲಿ ಅದು ಮೆಮೊರಿಯಲ್ಲಿ ಅದೇ ಆಬ್ಜೆಕ್ಟೇ ಎಂದಷ್ಟೇ ನೋಡುತ್ತದೆ). ನಾವು ಹಿಡಿಯಬೇಕಾದ ತಪ್ಪೇ ಅದು. ಒಂದೇ ಮಾಕ್ ಕೊಟ್ಟಾಗ ಆ ತಪ್ಪು ಕೋಡೂ ಪಾಸ್, ಸರಿಯಾದ ಕೋಡೂ ಪಾಸ್. ಎರಡು ಬೇರೆ ಮಾಕ್ ಕೊಟ್ಟರೆ ಎರಡೂ ಕೋಡ್ ‘ಸಮವಲ್ಲ’ ಎನ್ನುತ್ತವೆ. ಮಾಕ್ ಇಟ್ಟುಕೊಂಡು ಈ ಎರಡನ್ನು ಬೇರ್ಪಡಿಸಲು ದಾರಿಯೇ ಇಲ್ಲ.

ಆದ್ದರಿಂದ ಇಲ್ಲಿ ಮಾಕ್ ಬೇಡ. ನಿಜವಾದ ಗ್ರಾಹಕನನ್ನೇ ಎರಡು ಸಲ ‘ನ್ಯೂ’ ಹಾಕಿ, ಒಂದೇ ಬೆಲೆಗಳೊಂದಿಗೆ (ವ್ಯಾಲ್ಯೂ) ಕಟ್ಟಿ. ಕನ್‌ಸ್ಟ್ರಕ್ಟರ್‌ಗೆ ಹತ್ತು ಹನ್ನೆರಡು ಆರ್ಗ್ಯುಮೆಂಟ್ ಬೇಕೆಂಬುದು ತೊಡಕಾದರೆ, ಟೆಸ್ಟ್ ಫೋಲ್ಡರ್‌ನಲ್ಲಿ ‘ಮಾದರಿ ಗ್ರಾಹಕ’ ಕೊಡುವ ಸಣ್ಣ ಬಿಲ್ಡರ್ ಬರೆದುಕೊಳ್ಳಿ. ಎಲ್ಲಕ್ಕೂ ಒಂದು ರೂಢಿ (ಡಿಫಾಲ್ಟ್) ಬೆಲೆ ಇರಲಿ, ಬೇಕಾದದ್ದನ್ನು ಮಾತ್ರ ಬದಲಿಸುವಂತಿರಲಿ. ಅರ್ಧ ಗಂಟೆಯ ಕೆಲಸ, ಮುಂದೆ ಎಲ್ಲ ಟೆಸ್ಟ್‌ಗಳಿಗೂ ಒದಗುತ್ತದೆ.

ನಿಮ್ಮ 101ರಲ್ಲೇ ಇನ್ನೊಂದು ಬಲೆ ಇದೆ. ಐಡಿ ದೊಡ್ಡಕ್ಷರದ ಲಾಂಗ್ (ಸಂಖ್ಯೆಯನ್ನು ಆಬ್ಜೆಕ್ಟ್ ಆಗಿ ಇಡುವ ಬಗೆ) ಆಗಿದ್ದರೆ, −128ರಿಂದ 127ರವರೆಗಿನ ಸಂಖ್ಯೆಗಳಿಗೆ ಜಾವಾ ಮೊದಲೇ ಮಾಡಿಟ್ಟ ಆಬ್ಜೆಕ್ಟನ್ನೇ ಮತ್ತೆ ಮತ್ತೆ ಕೊಡುತ್ತದೆ. ಅಲ್ಲಿ ತಪ್ಪಾಗಿ ಎರಡು ಸಮಚಿಹ್ನೆ ಬಳಸಿದ್ದರೂ ಹೋಲಿಕೆ ಟ್ರೂ ಬರುತ್ತದೆ; ಪ್ರೊಡಕ್ಷನ್‌ನಲ್ಲಿ 128ನೇ ಗ್ರಾಹಕ ಬಂದ ದಿನ ಬಗ್ ಎದ್ದು ಕೂರುತ್ತದೆ. ಟೆಸ್ಟ್‌ನಲ್ಲಿ 70001ರಂಥ ಐಡಿ ಹಾಕಿ. ಸ್ಟ್ರಿಂಗ್ ಕತೆಯೂ ಇದೇ: ಉದ್ಧರಣ ಚಿಹ್ನೆಯೊಳಗೆ ಎರಡು ಕಡೆ ಒಂದೇ ಪದ ಬರೆದರೆ ಸಿಗುವುದು ಒಂದೇ ಆಬ್ಜೆಕ್ಟ್. ಒಂದು ಕಡೆಯಾದರೂ ‘ನ್ಯೂ ಸ್ಟ್ರಿಂಗ್’ ಹಾಕಿ ಬೇರೆ ಪ್ರತಿ ಮಾಡಿ. ಮಾಮೂಲಿ ಕೋಡ್‌ನಲ್ಲಿ ಅದು ದಂಡ, ಈಕ್ವಲ್ಸ್ ಟೆಸ್ಟ್‌ನಲ್ಲಿ ಬೇಕೇ ಬೇಕು.

ಪ್ರಶ್ನೆ: ಅಸರ್ಟ್‌ಈಕ್ವಲ್ಸ್‌ಗೆ ನಿಜ ಆಬ್ಜೆಕ್ಟ್ ಮೊದಲು, ಮಾಕ್ ಆಮೇಲೆ ಕೊಟ್ಟರೆ ಪಾಸ್. ತಿರುಗಿಸಿ ಕೊಟ್ಟರೆ ಫೇಲ್. ಮೊಕಿಟೊ 4ರಿಂದ 5ಕ್ಕೆ ಬಂದ ಮೇಲೆ ಇಂಥವೇ ಇನ್ನೆರಡು ಟೆಸ್ಟ್‌ಗಳ ಫಲಿತಾಂಶವೂ ಬದಲಾಯಿತು. ಯಾವುದನ್ನು ನಂಬಬೇಕು?
— ಬೆಂಗಳೂರಿನ ಓದುಗರು

ಉತ್ತರ: ಯಾವುದನ್ನೂ ನಂಬಬೇಡಿ. ಅಸರ್ಟ್‌ಈಕ್ವಲ್ಸ್ ಈಕ್ವಲ್ಸನ್ನು ಕೇಳುವುದು ಮೊದಲ ಆರ್ಗ್ಯುಮೆಂಟ್‌ಗೆ, ಅಂದರೆ ನಿರೀಕ್ಷಿತ ಎಂದು ಕೊಟ್ಟದ್ದಕ್ಕೆ. ನಿಜ ಆಬ್ಜೆಕ್ಟ್ ಮೊದಲಿದ್ದರೆ ನೀವು ಬರೆದ ಕೋಡ್ ಓಡುತ್ತದೆ, ಮಾಕ್‌ನ ಸ್ಟಬ್ ಮಾಡಿದ ಗೆಟರ್‌ಗಳನ್ನು (ಫೀಲ್ಡ್‌ನ ಬೆಲೆ ಕೊಡುವ ಮೆಥಡ್‌ಗಳು) ಕರೆಯುತ್ತದೆ, ‘ಸಮ’ ಎನ್ನುತ್ತದೆ. ಮಾಕ್ ಮೊದಲಿದ್ದರೆ ಮೇಲೆ ಹೇಳಿದ ಗುರುತಿನ ಹೋಲಿಕೆ (ಮೆಮೊರಿಯಲ್ಲಿ ಅದೇ ಆಬ್ಜೆಕ್ಟೇ ಎಂದು ನೋಡುವುದು), ಉತ್ತರ ಫಾಲ್ಸ್. ‘ಕ’ಗೆ ‘ಖ’ ಸಮವಾದರೆ ‘ಖ’ಗೆ ‘ಕ’ ಸಮವಾಗಲೇಬೇಕು ಎಂಬುದು ಈಕ್ವಲ್ಸ್‌ನ ಕರಾರು. ಮಾಕ್ ಬಂದ ಕೂಡಲೇ ಆ ಕರಾರು ಮುರಿಯುತ್ತದೆ.

ಆವೃತ್ತಿ ಬದಲಾದಾಗ ಫಲಿತಾಂಶ ಏಕೆ ಬದಲಾಯಿತು? ಮೊದಲಿನ ಮೊಕಿಟೊ ನಿಮ್ಮ ಕ್ಲಾಸ್‌ನ ಒಂದು ಸಬ್‌ಕ್ಲಾಸ್ ಹುಟ್ಟಿಸಿ ಅದನ್ನೇ ಮಾಕ್ ಎಂದು ಕೊಡುತ್ತಿತ್ತು. ನಿಮ್ಮ ಈಕ್ವಲ್ಸ್ ಗೆಟ್‌ಕ್ಲಾಸ್ ಹೋಲಿಸುತ್ತಿದ್ದರೆ ಎರಡರ ಕ್ಲಾಸ್ ಬೇರೆ ಎಂದಾಗಿ ಅಲ್ಲೇ ಫಾಲ್ಸ್ ಬರುತ್ತಿತ್ತು. 2023ರ ಜನವರಿಯಲ್ಲಿ ಬಂದ ಮೊಕಿಟೊ 5ರಲ್ಲಿ ಇನ್‌ಲೈನ್ ಮಾಕ್‌ಮೇಕರ್ ರೂಢಿಯಾಯಿತು. ಅದು ಸಾಮಾನ್ಯವಾಗಿ ಸಬ್‌ಕ್ಲಾಸ್ ಮಾಡದೆ ಮೂಲ ಕ್ಲಾಸ್‌ನ ಬೈಟ್‌ಕೋಡನ್ನೇ ತಿದ್ದುತ್ತದೆ. ಈಗ ಗೆಟ್‌ಕ್ಲಾಸ್ ಎರಡೂ ಕಡೆ ಒಂದೇ. ಇಂಟರ್‌ಫೇಸ್ ಅಥವಾ ಆಬ್‌ಸ್ಟ್ರ್ಯಾಕ್ಟ್ ಕ್ಲಾಸ್ ಆದರೆ ಈಗಲೂ ಹೊಸ ಕ್ಲಾಸ್ ಹುಟ್ಟಲೇಬೇಕು.

ಕ್ಲಾಸ್ ಒಂದೇ ಆದ ಮಾತ್ರಕ್ಕೆ ಮುಗಿಯಲಿಲ್ಲ. ಮಾಕ್ ಹುಟ್ಟುವಾಗ ಕನ್‌ಸ್ಟ್ರಕ್ಟರ್ ಓಡುವುದಿಲ್ಲ, ಫೀಲ್ಡ್‌ಗಳೆಲ್ಲ ನಲ್ ಅಥವಾ ಸೊನ್ನೆ. ನಿಮ್ಮ ಈಕ್ವಲ್ಸ್ ಎದುರಿನ ಆಬ್ಜೆಕ್ಟ್‌ನ ಫೀಲ್ಡನ್ನು ನೇರ ಓದಿದರೆ ಸಿಗುವುದು ನಲ್, ಗೆಟರ್ ಕರೆದರೆ ಸಿಗುವುದು ಸ್ಟಬ್ ಕೊಟ್ಟ ಬೆಲೆ. ಜಾವಾದ ರೆಕಾರ್ಡ್‌ಗೆ (ಬರೀ ಬೆಲೆಗಳನ್ನು ಹಿಡಿದಿಡುವ ಚಿಕ್ಕ ಕ್ಲಾಸ್) ತಾನಾಗಿ ಬರುವ ಈಕ್ವಲ್ಸ್ ಫೀಲ್ಡನ್ನೇ ಓದುತ್ತದೆ. ರೆಕಾರ್ಡ್ ಮಾಕ್ ಮಾಡಿ ಎಷ್ಟು ಸ್ಟಬ್ ಹಾಕಿದರೂ ಸಮ ಬಾರದಿರುವುದು ಇದಕ್ಕೇ. (ರೆಕಾರ್ಡನ್ನು ಮಾಕ್ ಮಾಡುವ ಅಗತ್ಯ ಏಕೆ ಬಂತು ಎಂಬುದು ಬೇರೆ ಪ್ರಶ್ನೆ. ಒಂದು ಸಾಲಿನಲ್ಲಿ ನಿಜವಾದದ್ದೇ ಸಿಗುತ್ತದಲ್ಲ!)

ಇದು ಬರೀ ಟೆಸ್ಟ್‌ನ ಗೋಳು ಎಂದುಕೊಳ್ಳಬೇಡಿ. ಡೇಟಾಬೇಸ್ ಲೈಬ್ರರಿ ಹೈಬರ್ನೇಟ್‌ನ ಲೇಜಿ ಪ್ರಾಕ್ಸಿಯೂ (ಬೇಕಾದಾಗ ಮಾತ್ರ ಡೇಟಾ ತರುವ ಬದಲಿ ಆಬ್ಜೆಕ್ಟ್) ಇಂಥದ್ದೇ ಸಬ್‌ಕ್ಲಾಸ್: ಗೆಟ್‌ಕ್ಲಾಸ್ ಬೇರೆ, ಫೀಲ್ಡ್ ನೇರ ಓದಿದರೆ ನಲ್, ಗೆಟರ್ ಕರೆದರೆ ಡೇಟಾಬೇಸಿನಿಂದ ಬಂದ ಬೆಲೆ. ಎಂಟಿಟಿ (ಡೇಟಾಬೇಸಿನ ಸಾಲನ್ನು ಪ್ರತಿನಿಧಿಸುವ) ಕ್ಲಾಸ್‌ಗಳ ಈಕ್ವಲ್ಸ್‌ನಲ್ಲಿ ಇನ್‌ಸ್ಟನ್ಸ್‌ಆಫ್ ಬಳಸಿ, ಎದುರಿನದರ ಬೆಲೆಯನ್ನು ಗೆಟರ್‌ನಿಂದಲೇ ತೆಗೆದುಕೊಳ್ಳಿ.

ಪ್ರಶ್ನೆ: ಸರ್ವಿಸ್ ಒಳಗೆ ಒಂದು ‘ಇಮೇಲ್‌ಸಂದೇಶ’ ಆಬ್ಜೆಕ್ಟ್ ಹುಟ್ಟಿ, ಮಾಕ್ ಮಾಡಿದ ಕಳಿಸುವವನಿಗೆ ಹೋಗುತ್ತದೆ. ವೆರಿಫೈ ಮಾಡಿದರೆ ಆರ್ಗ್ಯುಮೆಂಟ್ ಬೇರೆ ಎಂದು ಫೇಲ್. ವಿಳಾಸ, ವಿಷಯ ಎಲ್ಲ ಅಕ್ಷರ ಅಕ್ಷರವೂ ಒಂದೇ ಇದೆ!
— ಮೈಸೂರಿನ ಓದುಗರು

ಉತ್ತರ: ಇಲ್ಲಿ ಮಾಕ್ ಇಟ್ಟದ್ದು ಸರಿಯಾದ ಜಾಗದಲ್ಲೇ. ಕಳಿಸುವವನು ಕೆಲಸ ಮಾಡುವವನು, ಸಂದೇಶ ಬರೀ ಬೆಲೆ. ತೊಂದರೆ ಸಂದೇಶದಲ್ಲಿದೆ. ವೆರಿಫೈಗೆ ನೇರವಾಗಿ ಕೊಟ್ಟ ಆರ್ಗ್ಯುಮೆಂಟನ್ನು ಮೊಕಿಟೊ ಈಕ್ವಲ್ಸ್‌ನಿಂದ ಹೋಲಿಸುತ್ತದೆ. ಇಮೇಲ್‌ಸಂದೇಶದಲ್ಲಿ ಈಕ್ವಲ್ಸ್ ಬರೆಯದಿದ್ದರೆ ಆಬ್ಜೆಕ್ಟ್ ಕ್ಲಾಸ್‌ನಿಂದ ಬಂದ ಗುರುತಿನ ಹೋಲಿಕೆಯೇ ಗತಿ. ಟೆಸ್ಟ್‌ನಲ್ಲಿ ನೀವು ಹುಟ್ಟಿಸಿದ್ದೂ ಸರ್ವಿಸ್ ಹುಟ್ಟಿಸಿದ್ದೂ ಎರಡು ಬೇರೆ ಆಬ್ಜೆಕ್ಟ್.

ಸಂದೇಶ ನಿಜಕ್ಕೂ ಬೆಲೆಯಾದರೆ, ಅಂದರೆ ಒಳಗಿರುವುದೆಲ್ಲ ಒಂದೇ ಆದಾಗ ಎರಡನ್ನೂ ಒಂದೇ ಎಂದು ಪ್ರೋಗ್ರಾಂ ಕೂಡ ಎಣಿಸಬೇಕಾದರೆ, ಅದನ್ನು ರೆಕಾರ್ಡ್ ಮಾಡಿ. ಜಾವಾ 16ರಿಂದ ರೆಕಾರ್ಡ್ ಭಾಷೆಯ ಕಾಯಂ ಭಾಗ. ಟೆಸ್ಟ್ ಪಾಸಾಗಲೆಂದೇ ಎಂಟಿಟಿಗೆ ಈಕ್ವಲ್ಸ್ ಅಂಟಿಸುವುದು ಮಾತ್ರ ಬೇಡ. ಹ್ಯಾಶ್‌ಸೆಟ್‌ನಲ್ಲಿ ಕೂತ ಎಂಟಿಟಿಯ ಫೀಲ್ಡ್ ಬದಲಾದರೆ ಹ್ಯಾಶ್‌ಕೋಡೂ ಬದಲಾಗಿ, ಸೆಟ್ ಒಳಗೇ ಇದ್ದರೂ ಹುಡುಕಿದರೆ ಸಿಗದಂತಾಗುತ್ತದೆ.

ಈಕ್ವಲ್ಸ್ ಬೇಡವೆಂದರೆ, ಮಾಕ್‌ಗೆ ಬಂದ ಆರ್ಗ್ಯುಮೆಂಟನ್ನು ಹಿಡಿದುಕೊಡುವ ಆರ್ಗ್ಯುಮೆಂಟ್‌ಕ್ಯಾಪ್ಟರ್ ಬಳಸಿ. ವೆರಿಫೈ ಸಾಲಿನಲ್ಲಿ ಕ್ಯಾಪ್ಚರ್ ಹಾಕಿ, ಸಿಕ್ಕ ಆಬ್ಜೆಕ್ಟ್‌ನ ಒಂದೊಂದು ಫೀಲ್ಡನ್ನೂ ಬೇರೆ ಬೇರೆ ಅಸರ್ಟ್ ಮಾಡಿ. ಯಾವುದು ತಪ್ಪಿತು ಎಂದು ಸಾಲು ಸಮೇತ ಗೊತ್ತಾಗುತ್ತದೆ. ಶರತ್ತನ್ನು ನೀವೇ ಬರೆಯುವ ಆರ್ಗ್‌ದಟ್ ಚಿಕ್ಕದು, ಆದರೆ ಫೇಲಾದಾಗ ಏನು ತಪ್ಪಿತೆಂದು ಬಾಯಿಬಿಡುವುದಿಲ್ಲ. ರೆಫ್‌ಈಕ್ಯು ಎಂಬ ಮ್ಯಾಚರ್ (ಆರ್ಗ್ಯುಮೆಂಟ್ ಹೊಂದುತ್ತದೆಯೇ ಎಂದು ಹೇಳುವ ನಿಯಮ) ರಿಫ್ಲೆಕ್ಷನ್‌ನಿಂದ (ಓಡುವಾಗಲೇ ಕ್ಲಾಸ್‌ನ ಒಳಗನ್ನು ನೋಡುವ ಸೌಲಭ್ಯ) ಫೀಲ್ಡ್‌ಗಳನ್ನು ಹೋಲಿಸುತ್ತದೆ. ಅದು ಒಂದೇ ಪದರ ಆಳಕ್ಕೆ ಹೋಗುತ್ತದೆ. ಒಳಗಿನ ಆಬ್ಜೆಕ್ಟ್‌ಗಳಿಗೆ ಮತ್ತೆ ಈಕ್ವಲ್ಸೇ ಬೇಕು. ಬಿಡಬೇಕಾದ ಫೀಲ್ಡ್‌ಗಳನ್ನು ಅದಕ್ಕೆ ಹೆಸರಿನ ಸ್ಟ್ರಿಂಗ್‌ನಲ್ಲಿ ಹೇಳಬೇಕು. ನಾಳೆ ಯಾರಾದರೂ ಫೀಲ್ಡ್‌ನ ಹೆಸರು ಬದಲಿಸಿದರೆ ಕಂಪೈಲರ್ ತುಟಿ ಬಿಚ್ಚದು. ಆಳವಾದ ಹೋಲಿಕೆ ಬೇಕಿದ್ದರೆ ಕ್ಯಾಪ್ಟರ್‌ನಿಂದ ತೆಗೆದದ್ದನ್ನು ಅಸರ್ಟ್‌ಜೆ ಎಂಬ ಲೈಬ್ರರಿಯ ಯೂಸಿಂಗ್‌ರಿಕರ್ಸಿವ್‌ಕಂಪ್ಯಾರಿಸನ್‌ಗೆ ಕೊಡುವುದು ವಾಸಿ.

ಮ್ಯಾಚರ್ ಬಳಸುವಾಗ ಒಂದು ನೆನಪಿಡಿ: ಒಂದು ಆರ್ಗ್ಯುಮೆಂಟ್‌ಗೆ ಹಾಕಿದರೆ ಆ ಕರೆಯ ಎಲ್ಲ ಆರ್ಗ್ಯುಮೆಂಟ್‌ಗೂ ಹಾಕಬೇಕು. ಬರೀ ಬೆಲೆಯನ್ನು ‘ಈಕ್ಯು’ ಒಳಗೆ ಸುತ್ತಿ ಕೊಡಿ.

ಇದೇ ರೋಗ ಸ್ಟಬ್ ಮಾಡುವಾಗಲೂ ಬರುತ್ತದೆ, ಅಲ್ಲಿ ಸದ್ದಿಲ್ಲದೆ ಬರುತ್ತದೆ. ಈಕ್ವಲ್ಸ್ ಇಲ್ಲದ ಕೀ ಕೊಟ್ಟು ವೆನ್ ಬರೆದರೆ, ಸರ್ವಿಸ್ ತನ್ನದೇ ಹೊಸ ಕೀ ಮಾಡಿ ಕರೆದಾಗ ಸ್ಟಬ್ ಹೊಂದುವುದಿಲ್ಲ, ಮಾಕ್ ನಲ್ ಕೊಡುತ್ತದೆ, ನಾಲ್ಕು ಸಾಲು ಕೆಳಗೆ ನಲ್‌ಪಾಯಿಂಟರ್‌ಎಕ್ಸೆಪ್ಶನ್. ತಪ್ಪು ಒಂದು ಕಡೆ, ಹುಡುಕಾಟ ಇನ್ನೊಂದು ಕಡೆ. ಜೆಯುನಿಟ್ 5ರಲ್ಲಿ ಮೊಕಿಟೊಎಕ್ಸ್‌ಟೆನ್ಷನ್ ಹಾಕಿಕೊಂಡರೆ ಸ್ಟ್ರಿಕ್ಟ್ ಸ್ಟಬ್ಸ್ ರೂಢಿಯಾಗಿ ಬರುತ್ತದೆ. ಆರ್ಗ್ಯುಮೆಂಟ್ ಹೊಂದದ ಕರೆಯನ್ನು ಅಲ್ಲೇ ಎತ್ತಿ ತೋರಿಸುತ್ತದೆ. ಕಿರಿಕಿರಿ ಎಂದು ಅದನ್ನು ಲೀನಿಯೆಂಟ್‌ಗೆ ಇಳಿಸುವವರು ಬಹಳ. ಇಳಿಸಬೇಡಿ.

ಪ್ರಶ್ನೆ: ಬ್ಯಾಚ್‌ನಲ್ಲಿ ಮೂರು ದಾಖಲೆ ಕಳಿಸಿದ್ದು ಲಾಗ್‌ನಲ್ಲಿ ಕಾಣುತ್ತದೆ. ವೆರಿಫೈ ಮಾತ್ರ ಖಾಲಿ ಲಿಸ್ಟ್ ಬಂತು ಎನ್ನುತ್ತದೆ.
— ಹುಬ್ಬಳ್ಳಿಯ ಓದುಗರು

ಉತ್ತರ: ಕಳಿಸಿದ ಮೇಲೆ ನಿಮ್ಮ ಕೋಡ್ ಅದೇ ಲಿಸ್ಟನ್ನು ಕ್ಲಿಯರ್ ಮಾಡುತ್ತಿರಬೇಕು, ನೋಡಿ. ಮಾಕ್ ತನಗೆ ಬಂದ ಆರ್ಗ್ಯುಮೆಂಟ್‌ನ ನಕಲು ಇಟ್ಟುಕೊಳ್ಳುವುದಿಲ್ಲ, ರೆಫರೆನ್ಸ್ ಮಾತ್ರ ಇಟ್ಟುಕೊಳ್ಳುತ್ತದೆ. ವೆರಿಫೈ ಓಡುವುದು ಎಲ್ಲ ಮುಗಿದ ಮೇಲೆ. ಅಷ್ಟರಲ್ಲಿ ಲಿಸ್ಟ್ ಬರಿದಾಗಿರುತ್ತದೆ. ಕ್ಯಾಪ್ಟರ್ ಹಾಕಿದರೂ ಅಷ್ಟೇ, ಅದು ಹಿಡಿಯುವುದೂ ರೆಫರೆನ್ಸನ್ನೇ. ಇದರ ಮಗ್ಗುಲೂ ಅಪಾಯದ್ದೇ: ತಪ್ಪು ಬೆಲೆ ಕಳಿಸಿ ಆಮೇಲೆ ಸರಿಪಡಿಸಿದ ಕೋಡ್ ಟೆಸ್ಟ್‌ನಲ್ಲಿ ಪಾಸಾಗಿಬಿಡುತ್ತದೆ.

ಟೆಸ್ಟ್‌ನಲ್ಲಿ ಪರಿಹಾರ ಹೀಗೆ. ಮೊದಲು ‘ನಕಲುಗಳು’ ಎಂಬ ಖಾಲಿ ಅರೇಲಿಸ್ಟ್ ಮಾಡಿ. ಕಳಿಸುವ ಮೆಥಡ್‌ಗೆ ಡೂಆನ್ಸರ್ ಹಾಕಿ. ಅದರೊಳಗೆ ಇನ್ವೊಕೇಶನ್‌ನ ಗೆಟ್‌ಆರ್ಗ್ಯುಮೆಂಟ್ ಸೊನ್ನೆಯಿಂದ ಬಂದ ಲಿಸ್ಟನ್ನು ಲಿಸ್ಟ್‌ನ ಕಾಪಿಆಫ್‌ನಿಂದ ನಕಲು ಮಾಡಿ ಸೇರಿಸಿ, ನಲ್ ಹಿಂತಿರುಗಿಸಿ. ಕೊನೆಗೆ ವೆರಿಫೈ ಬದಲು ‘ನಕಲುಗಳು’ ಲಿಸ್ಟನ್ನು ಅಸರ್ಟ್ ಮಾಡಿ. ಕಾಪಿಆಫ್ ಒಳಗೆ ನಲ್ ಇದ್ದರೆ ಒಪ್ಪದು, ಹಾಗೂ ನಕಲಾಗುವುದು ಲಿಸ್ಟ್ ಮಾತ್ರ. ಒಳಗಿನ ದಾಖಲೆಗಳು ಬದಲಾಗುವಂಥವಾದರೆ ಅವುಗಳ ನಕಲನ್ನೂ ನೀವೇ ಮಾಡಬೇಕು.

ಅದಕ್ಕೂ ಮೊದಲು ಮೂಲ ಕೋಡನ್ನೊಮ್ಮೆ ನೋಡಿ. ಕಳಿಸುವವನು ನಾಳೆ ಬೇರೆ ಥ್ರೆಡ್‌ನಲ್ಲಿ ಕೆಲಸ ಮಾಡತೊಡಗಿದರೆ ಅವನಿಗೂ ಸಿಗುವುದು ಖಾಲಿ ಲಿಸ್ಟೇ. ನಕಲು ಮಾಡಿಯೇ ಕಳಿಸುವಂತೆ ಸರ್ವಿಸನ್ನೇ ತಿದ್ದಿದರೆ ಟೆಸ್ಟ್‌ಗೆ ಈ ಸರ್ಕಸ್ ಬೇಕಿಲ್ಲ.

ಪ್ರಶ್ನೆ: 250.0 ಮತ್ತು 250.00 ಬಿಗ್‌ಡೆಸಿಮಲ್‌ನಲ್ಲಿ (ಜಾವಾದ ನಿಖರ ದಶಮಾಂಶ ಸಂಖ್ಯೆಯ ಕ್ಲಾಸ್) ಸಮವಲ್ಲವೇ?
— ಮಂಗಳೂರಿನ ಓದುಗರು

ಉತ್ತರ: ಈಕ್ವಲ್ಸ್‌ಗೆ ಅಲ್ಲ, ಕಂಪೇರ್‌ಟುಗೆ ಹೌದು. ಈಕ್ವಲ್ಸ್ ದಶಮಾಂಶದ ಸ್ಕೇಲನ್ನೂ (ಚುಕ್ಕೆಯ ನಂತರ ಎಷ್ಟು ಅಂಕಿ ಎಂಬುದನ್ನು) ನೋಡುತ್ತದೆ: ಒಂದರದ್ದು 1, ಇನ್ನೊಂದರದ್ದು 2. ಅಸರ್ಟ್‌ಜೆಯಲ್ಲಿ ಈಸ್‌ಈಕ್ವಲ್‌ಬೈಕಂಪೇರಿಂಗ್‌ಟು, ಮೊಕಿಟೊದ ಅಡಿಷನಲ್‌ಮ್ಯಾಚರ್ಸ್‌ನಲ್ಲಿ ಸಿಎಂಪಿಈಕ್ಯು ಇದಕ್ಕೇ ಇವೆ. ಹಣದ ಕ್ಲಾಸ್ ನಿಮ್ಮದೇ ಆದರೆ ಕನ್‌ಸ್ಟ್ರಕ್ಟರ್‌ನಲ್ಲೇ ಸ್ಕೇಲ್ 2ಕ್ಕೆ ಕಟ್ಟಿಹಾಕಿ.

ಇದೇ ಜಾತಿಯ ಇನ್ನೆರಡು ಹೇಳಿಬಿಡುತ್ತೇವೆ. ಭಾರತದ ವಲಯದಲ್ಲಿ ಬೆಳಗಿನ 10:00, ಯುಟಿಸಿಯಲ್ಲಿ 04:30: ಕ್ಷಣ ಒಂದೇ ಆದರೂ ಜೋನ್ಡ್‌ಡೇಟ್‌ಟೈಮ್‌ನ ಈಕ್ವಲ್ಸ್ ಫಾಲ್ಸ್, ಈಸ್‌ಈಕ್ವಲ್ ಬಳಸಿ. ರೆಕಾರ್ಡ್ ಒಳಗೆ ಅರೇ ಇಟ್ಟರೆ ಅದರ ಹೋಲಿಕೆ ಗುರುತಿನದ್ದೇ, ಒಳಗಿನ ಬೆಲೆಗಳದ್ದಲ್ಲ; ಅರೇ ಬದಲು ಲಿಸ್ಟ್ ಇಡಿ.

ಪ್ರಶ್ನೆ: ಮಾಕ್ ಬೇಡವೆಂದರೆ ಈಕ್ವಲ್ಸನ್ನು ಸರಿಯಾಗಿ ಪರೀಕ್ಷಿಸುವುದು ಹೇಗೆ? ಕೈಯಲ್ಲಿ ಬರೆದರೆ ಎಷ್ಟು ಟೆಸ್ಟ್ ಬೇಕು?
— ಕಲಬುರಗಿಯ ಓದುಗರು

ಉತ್ತರ: ಹೋಲಿಕೆಗೆ ನಾಲ್ಕು ಫೀಲ್ಡ್ ಬರುತ್ತವೆ ಎನ್ನಿ. ಎಲ್ಲವೂ ಒಂದೇ ಇರುವ, ಬೇರೆ ಬೇರೆ ‘ನ್ಯೂ’ಗಳಿಂದ ಬಂದ ಒಂದು ಜೋಡಿ: ಎರಡೂ ದಿಕ್ಕಿನಿಂದ ಸಮ, ಹ್ಯಾಶ್‌ಕೋಡೂ ಒಂದೇ. ಆಮೇಲೆ ಒಂದೊಂದೇ ಫೀಲ್ಡ್ ಬದಲಿಸಿದ ನಾಲ್ಕು ಜೋಡಿ: ಯಾವುದೂ ಸಮವಲ್ಲ. ಒಮ್ಮೆಗೆ ಎರಡು ಫೀಲ್ಡ್ ಬದಲಿಸಿದರೆ ಒಂದನ್ನು ಹೋಲಿಸಲು ಮರೆತದ್ದು ಗೊತ್ತೇ ಆಗದು. ನಲ್ ಜೊತೆ ಫಾಲ್ಸ್, ಬೇರೆ ಕ್ಲಾಸ್‌ನ ಆಬ್ಜೆಕ್ಟ್ ಜೊತೆ ಫಾಲ್ಸ್, ತನ್ನ ಜೊತೆ ಟ್ರೂ. ನಲ್ ಆಗಬಲ್ಲ ಫೀಲ್ಡ್‌ಗೆ ಎರಡೂ ಕಡೆ ನಲ್, ಒಂದೇ ಕಡೆ ನಲ್ ಎರಡನ್ನೂ ಸೇರಿಸಿ.

ಅಸರ್ಟ್‌ನಾಟ್‌ಈಕ್ವಲ್ಸ್‌ಗೆ ನಲ್ ಕೊಟ್ಟು ‘ನಲ್ ಟೆಸ್ಟ್ ಆಯಿತು’ ಎಂದುಕೊಳ್ಳಬೇಡಿ. ಲೈಬ್ರರಿ ನಲ್ ಅನ್ನು ತಾನೇ ನೋಡಿ, ನಿಮ್ಮ ಈಕ್ವಲ್ಸನ್ನು ಕರೆಯದೆಯೂ ಉತ್ತರಿಸಬಲ್ಲದು. ಅಸರ್ಟ್‌ಫಾಲ್ಸ್ ಒಳಗೆ ಈಕ್ವಲ್ಸನ್ನು ನೀವೇ ಕರೆಯಿರಿ. ಹ್ಯಾಶ್‌ಕೋಡ್ ಇಂಥ ಸಂಖ್ಯೆಯೇ ಬರಬೇಕು ಎಂದೂ, ಸಮವಲ್ಲದ ಎರಡರ ಹ್ಯಾಶ್‌ಕೋಡ್ ಬೇರೆಯೇ ಇರಬೇಕು ಎಂದೂ ಅಸರ್ಟ್ ಮಾಡಬಾರದು. ಕರಾರಿನಲ್ಲಿ ಆ ಎರಡೂ ಇಲ್ಲ.

ಇಷ್ಟನ್ನೂ ಕೈಯಲ್ಲಿ ಬರೆದರೂ ಆರು ತಿಂಗಳ ಮೇಲೆ ಐದನೇ ಫೀಲ್ಡ್ ಸೇರಿಸಿದವರು ಈಕ್ವಲ್ಸನ್ನು ಮರೆತರೆ ನಿಮ್ಮ ಟೆಸ್ಟ್ ಹಸಿರಾಗಿಯೇ ಇರುತ್ತದೆ. ಅಲ್ಲಿ ಈಕ್ವಲ್ಸ್‌ವೆರಿಫೈಯರ್ ಎಂಬ ಲೈಬ್ರರಿ ಕೆಲಸಕ್ಕೆ ಬರುತ್ತದೆ. ಫಾರ್‌ಕ್ಲಾಸ್‌ಗೆ ಕ್ಲಾಸ್ ಕೊಟ್ಟು ವೆರಿಫೈ ಕರೆದರೆ ರಿಫ್ಲೆಕ್ಷನ್‌ನಿಂದ ಪ್ರತಿ ಫೀಲ್ಡನ್ನೂ ಬದಲಿಸಿ ನೋಡುತ್ತದೆ, ಬಿಟ್ಟುಹೋದ ಫೀಲ್ಡ್‌ನ ಹೆಸರು ಹೇಳುತ್ತದೆ. ಮೊದಲ ದಿನ ಅದರ ಗೊಣಗಾಟ ಜಾಸ್ತಿ: ಫೀಲ್ಡ್ ಫೈನಲ್ ಅಲ್ಲ, ಈಕ್ವಲ್ಸ್ ಫೈನಲ್ ಅಲ್ಲ, ಬಿಗ್‌ಡೆಸಿಮಲ್ ಅನ್ನು ಕಂಪೇರ್‌ಟುನಿಂದ ಹೋಲಿಸಿಲ್ಲ. ಪ್ರತಿಯೊಂದನ್ನೂ ಸುಮ್ಮನಾಗಿಸಲು ಸಪ್ರೆಸ್ ಇದೆ, ಆದರೆ ಕಣ್ಣುಮುಚ್ಚಿ ಹಾಕಬೇಡಿ. ಸಾಧ್ಯವಾದಲ್ಲಿ ಫೀಲ್ಡ್‌ಗಳನ್ನು ಫೈನಲ್ ಮಾಡಿ. ಗೆಟ್‌ಕ್ಲಾಸ್ ಬಳಸಿದ್ದರೆ ಯೂಸಿಂಗ್‌ಗೆಟ್‌ಕ್ಲಾಸ್ ಎಂದು ಹೇಳಿ. ತನ್ನದೇ ಜಾತಿಯ ಫೀಲ್ಡ್ ಇರುವ ಕ್ಲಾಸ್ ಆದರೆ ವಿತ್‌ಪ್ರಿಫ್ಯಾಬ್‌ವ್ಯಾಲ್ಯೂಸ್‌ಗೆ ಎರಡು ಬೇರೆ ಬೇರೆ ನಿಜ ಆಬ್ಜೆಕ್ಟ್ ಕೊಡಿ.

ಪ್ರಶ್ನೆ: ಪೈಥಾನ್‌ನಲ್ಲಿ ಮ್ಯಾಜಿಕ್‌ಮಾಕ್ ಎಂಬ ಮಾಕ್‌ನ ಈಕ್ಯು ಮೆಥಡ್ (ಜಾವಾದ ಈಕ್ವಲ್ಸ್ ಇದ್ದ ಹಾಗೆ) ಬದಲಿಸಲು ಬರುತ್ತದೆ. ಹಾಗಾದರೆ ಅಲ್ಲಿ ಈ ತಾಪತ್ರಯ ಇಲ್ಲವೇ?
— ಪುಣೆಯಲ್ಲಿರುವ ಕನ್ನಡಿಗರು

ಉತ್ತರ: ಬದಲಿಸಲು ಬರುತ್ತದೆ, ಅದೇ ತಾಪತ್ರಯ. ರಿಟರ್ನ್ ವ್ಯಾಲ್ಯೂ ಟ್ರೂ ಎಂದಿಟ್ಟರೆ ಆ ಮಾಕ್ ಎದುರು ಬಂದದ್ದಕ್ಕೆಲ್ಲ ‘ನೀನೂ ನಾನೂ ಒಂದೇ’ ಎನ್ನುತ್ತದೆ, ಪೈಥಾನ್‌ನಲ್ಲಿ ‘ಏನೂ ಇಲ್ಲ’ ಎಂಬ ಬೆಲೆಯಾದ ‘ನನ್’ಗೂ ಸೇರಿ. ಏನೂ ಬದಲಿಸದಿದ್ದರೆ ಇಲ್ಲಿಯೂ ಗುರುತಿನ ಹೋಲಿಕೆಯೇ.

ಡೇಟಾಕ್ಲಾಸ್ (ಪೈಥಾನ್‌ನ ರೆಕಾರ್ಡ್ ಎನ್ನಿ) ಜೊತೆ, ಯಾವ ಕ್ಲಾಸ್‌ನಂತಿರಬೇಕು ಎಂಬ ಸ್ಪೆಕ್ ಕೊಟ್ಟ ಮಾಕ್ ಸೇರಿದರೆ ಇನ್ನೊಂದು ಮಜಾ. ಡೇಟಾಕ್ಲಾಸ್‌ನ ಹೋಲಿಕೆ ಮೊದಲು ಎರಡರ ಕ್ಲಾಸ್ ಒಂದೇಯೇ ಎಂದು ನೋಡುತ್ತದೆ. ಸ್ಪೆಕ್ ಇರುವ ಮಾಕ್ ತನ್ನ ಕ್ಲಾಸ್ ಮೂಲದ್ದೇ ಎಂದು ಹೇಳಿಕೊಳ್ಳುತ್ತದೆ. ಫೀಲ್ಡ್‌ಗಳ ಬೆಲೆಯನ್ನೂ ನೀವು ತುಂಬಿದ್ದರೆ ಬೊಂಬೆ ಪೂರ್ತಿ ರೈತನಾಗಿ ಪಾಸಾಗುತ್ತದೆ. ಡೇಟಾಕ್ಲಾಸ್ ಕಟ್ಟಲು ಒಂದು ಸಾಲು ಸಾಕು, ನಿಜದ್ದನ್ನೇ ಕಟ್ಟಿ.

ಅಸರ್ಟ್‌ಕಾಲ್ಡ್‌ವಿತ್ ಆರ್ಗ್ಯುಮೆಂಟ್‌ಗಳನ್ನು ಎರಡು ಸಮಚಿಹ್ನೆಯಿಂದಲೇ ಹೋಲಿಸುತ್ತದೆ (ಪೈಥಾನ್‌ನಲ್ಲಿ ಅದು ಈಕ್ಯು ಮೆಥಡನ್ನೇ ಕರೆಯುತ್ತದೆ), ಇಟ್ಟುಕೊಳ್ಳುವುದು ರೆಫರೆನ್ಸನ್ನೇ. ಹುಬ್ಬಳ್ಳಿಯವರ ಖಾಲಿ ಲಿಸ್ಟ್ ಇಲ್ಲೂ ಬರುತ್ತದೆ. ಮದ್ದು, ಸೈಡ್‌ಇಫೆಕ್ಟ್ ಒಳಗೆ ಡೀಪ್‌ಕಾಪಿ. ಗೊತ್ತಿಲ್ಲದ ಐಡಿ ಅಥವಾ ಸಮಯ ಇರುವ ಕಡೆ ‘ಎನಿ’ ಬಳಸಬಹುದು, ಅದು ಎಲ್ಲದಕ್ಕೂ ಸಮ. ಆದರೆ ಒಂದು ಕರೆಯ ಮೂರು ಆರ್ಗ್ಯುಮೆಂಟ್‌ಗೂ ಎನಿ ಹಾಕಿದ್ದರೆ ನೀವು ಪರೀಕ್ಷಿಸುತ್ತಿರುವುದು ಕರೆ ಬಂತೇ, ಮೂರು ಆರ್ಗ್ಯುಮೆಂಟ್ ಇದ್ದವೇ ಎಂಬುದನ್ನಷ್ಟೇ. ಮತ್ತೆ, ಡೇಟಾಕ್ಲಾಸ್ ಅನ್ನು ಫ್ರೋಜನ್ (ಬೆಲೆ ಬದಲಿಸಲಾಗದಂತೆ) ಮಾಡದೆ ಸೆಟ್‌ಗೆ ಹಾಕಲು ಹೋದರೆ ಹ್ಯಾಶ್ ಆಗದು ಎಂದು ಟೈಪ್‌ಎರರ್ ಬರುತ್ತದೆ. ಅನ್‌ಸೇಫ್‌ಹ್ಯಾಶ್ ಹಾಕಿ ಬಾಯಿ ಮುಚ್ಚಿಸುವ ಬದಲು ಫ್ರೋಜನ್ ಮಾಡಿ.